ಸಲಾಕೆಗೆ ಕಟ್ಟಿದ ಅರಿಶಿನದ ಕೊಂಬು

ಈ ಸಲ ಖಂಡೇನವಮಿಯ ಬೆಳಿಗ್ಗೆ ನನ್ನ ಹೆಂಡತಿ ಗಂಗವ್ವ ಅಡುಗೆಮನೆಯ ಸಾಮಾನನ್ನೆಲ್ಲ ತೊಳೆದು, ಈಳಿಗೆಗೂ ಮಿಕ್ಸರಿಗೂ ಕುಂಕುಮ ಹಚ್ಚಿ, ಗ್ಯಾಸ್ ಒಲೆಯ ಗುಂಡಿಗೆ ದಾರದಿಂದ ಒಂದು ಅರಿಶಿನದ ಕೊಂಬು ಕಟ್ಟಿದಳು. ಆಮೇಲೆ ಅದೇ ಒಲೆಯ ಮೇಲೆ ಹೋಳಿಗೆಗೆ ಕಡಲೆಬೇಳೆ ಬೇಯಲು ಇಟ್ಟಳು. ಸ್ವಲ್ಪ ಹೊತ್ತಿಗೆ ಉರಿಯ ಕಾವು ತಾಗಿ ಕೊಂಬಿನಿಂದ ವಾಸನೆ ಬಂತು. ಸುಟ್ಟ ವಾಸನೆಯಲ್ಲ, ಒಣಗಿದ ಬೇರು ಬೆಚ್ಚಗಾಗುವ ವಾಸನೆ. ನಾನು ಪೇಪರು ಕೆಳಗಿಟ್ಟು ಎದ್ದು ಹೋಗಿ ಒಲೆ ಆರಿಸಿಬಿಟ್ಟೆ.

“ಯಾಕ್ರಿ? ಬ್ಯಾಳಿ ಇನ್ನೂ ಅರ್ಧಾ ಬೆಂದದ.”

“ಆ ಕೊಂಬು ಬಿಚ್ಚು.”

“ದಶಮಿ ಮುಗಿಯೋತನಕ ಬಿಚ್ಚಬಾರದು. ಗೊತ್ತಿಲ್ಲೇನು ನಿಮಗ? ವಯಸ್ಸಾದಾಂಗ ಬುದ್ಧಿ ಹಿಂದಹಿಂದಕ ಹೊಂಟದ,” ಎಂದು ಅವಳು ಮತ್ತೆ ಒಲೆ ಹಚ್ಚಿದಳು.

ನಾನು ಹೊರಗೆ ಹೋಗಿ ಗ್ಯಾಲರಿಯಲ್ಲಿ ಕೂತೆ. ಇಷ್ಟು ವರ್ಷ ಅವಳಿಗೆ ಹೇಳದೇ ಇದ್ದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬರೆಯುವುದಕ್ಕೆ ಬರುತ್ತದೆಯೋ ಇಲ್ಲವೋ ತಿಳಿಯದು. ಇಂಡಿಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪುಣೆಗೆ ಬಂದವನು ನಾನು. ಆಮೇಲೆ ಕೈಗೆ ಪೆನ್ನು ಹತ್ತಿದ್ದು ಹಾಜರಿಗೆ ಸಹಿ ಹಾಕಲಿಕ್ಕೆ ಮಾತ್ರ. ಜೊತೆಗೆ, ಆ ವರ್ಷ ನಡೆದದ್ದರಲ್ಲಿ ಯಾವುದು ನಾನು ಕಂಡದ್ದು, ಯಾವುದು ಆಮೇಲೆ ನನ್ನ ತಲೆ ಕಟ್ಟಿಕೊಂಡದ್ದು ಎಂಬುದು ನನಗೇ ಸರಿಯಾಗಿ ಬೇರೆಯಾಗುವುದಿಲ್ಲ.

ಆಗ ನಾನು ಪುಣೆ ಹತ್ತಿರದ ಚಾಕಣದ ಒಂದು ಸಣ್ಣ ಕಾರ್ಖಾನೆಯಲ್ಲಿ ಭಟ್ಟಿ ನೋಡಿಕೊಳ್ಳುತ್ತಿದ್ದೆ. ಸುತ್ತಲೂ ಕಾರು ಮಾಡುವ ದೊಡ್ಡ ಕಂಪನಿಗಳು, ನಡುವೆ ನಮ್ಮದೊಂದು ತಗಡಿನ ಪತ್ರಾಸಿನ ಶೆಡ್. ಟ್ರಾನ್ಸ್‌ಫಾರ್ಮರಿನ ಹೊಟ್ಟೆಯೊಳಗೆ ಇರುವ ಕೋರ್ ಎಂಬ ಭಾಗವನ್ನು ಅಲ್ಲಿ ಮಾಡುತ್ತಿದ್ದರು. ಹೊರದೇಶದಿಂದ ಲೋಹದ ಪಟ್ಟಿ ಸುರುಳಿಯಾಗಿ ಬರುತ್ತಿತ್ತು. ಕಾಗದಕ್ಕಿಂತ ತೆಳುವು, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅಂಚು ತಾಗಿದರೆ ಬೆರಳು ಸೀಳುತ್ತಿತ್ತು. ರಕ್ತ ಬಂದಮೇಲೆಯೇ ಗೊತ್ತಾಗುವುದು. ಅದನ್ನು ಮಡಚಿ ಒತ್ತಿದರೂ ಮುರಿಯುತ್ತಿರಲಿಲ್ಲ, ಬಿಟ್ಟರೆ ಸಟ್ಟನೆ ನೆಟ್ಟಗಾಗುತ್ತಿತ್ತು. ಆ ಪಟ್ಟಿಯನ್ನು ಪದರಪದರವಾಗಿ ಸುತ್ತಿ ಮಾಡಿದ ದಪ್ಪ ಚೌಕಟ್ಟನ್ನು ಭಟ್ಟಿಯಲ್ಲಿಟ್ಟು ಹದವಾಗಿ ಕಾಯಿಸಿ ಆರಿಸುವುದು ನನ್ನ ಕೆಲಸ. ಸುತ್ತುವಾಗ ಪಟ್ಟಿಯೊಳಗೆ ಸೇರಿದ ಬಿಗಿ ಆ ಕಾವಿಗೆ ಸಡಿಲಾಗಬೇಕು. ಕಾವು ಕಡಿಮೆಯಾದರೆ ಬಿಗಿ ಹೋಗುವುದಿಲ್ಲ, ಹೆಚ್ಚಾದರೆ ಇಡೀ ಕೋರ್ ಕೆಡುತ್ತದೆ. ನಡುವೆ ಇರುವ ಜಾಗ ಬಹಳ ಕಿರಿದು.

ಏಕೆ ಕೆಡುತ್ತದೆ ಎಂದು ನನಗೆ ಹೇಳಿದವರು ಪಲ್ಲವಿ ಮೇಡಮ್. ಪುಣೆಯ ಸದಾಶಿವ ಪೇಠೆಯ ಕನ್ನಡದ ಮನೆಯವರು. ಅವರ ಅಜ್ಜನ ಕಾಲಕ್ಕೇ ಧಾರವಾಡ ಬಿಟ್ಟು ಬಂದವರಂತೆ. ಲೋಹದ ಎಂಜಿನಿಯರಿಂಗ್ ಓದಿ ಆ ವರ್ಷ ಮಳೆಗಾಲ ಹಿಡಿಯುವ ಹೊತ್ತಿಗೆ ನಮ್ಮಲ್ಲಿ ಸೇರಿದರು. ಇಡೀ ಶೆಡ್ಡಿನಲ್ಲಿ ಕನ್ನಡ ಬರುತ್ತಿದ್ದುದು ನಮ್ಮಿಬ್ಬರಿಗೇ. ಮೊದಲ ದಿನ ನಾನು ಭಟ್ಟಿಯ ಬಾಗಿಲ ಹತ್ತಿರ ಕಾಲು ಸುಟ್ಟುಕೊಂಡು ತಪ್ಪಿ “ಅಯ್ಯಯ್ಯೋ ಯವ್ವಾ” ಎಂದದ್ದನ್ನು ಕೇಳಿ, “ಕಾಕಾ, ನೀವು ನಮ್ಮ ಕಡೆಯವ್ರೇನ್ರಿ?” ಎಂದು ನಕ್ಕಿದ್ದರು. ಅಂದಿನಿಂದ ನಾನು ಕಾಕಾ ಆದೆ.

ಆ ವರ್ಷ ಮಳೆ ಬಿಡಲೇ ಇಲ್ಲ. ಪತ್ರಾಸಿನ ಮೇಲೆ ಮಳೆ ಬಿದ್ದರೆ ಪಕ್ಕದವರ ಮಾತು ಕೇಳುತ್ತಿರಲಿಲ್ಲ. ಅಂಥ ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿಕೊಂಡು ಕೂತಾಗ ಅವರು ಒಂದು ಪಟ್ಟಿಯ ತುಂಡನ್ನು ಬಾಗಿಸುತ್ತ ಕೇಳಿದರು, “ಕಾಕಾ, ಇದು ಗಾಜು. ಗೊತ್ತದ ನಿಮಗ?”

“ಗಾಜು ಹೆಂಗ್ ಆಗ್ತದ್ರಿ? ಕಬ್ಬಿಣ ಅಲ್ಲೇನು?”

“ಕಬ್ಬಿಣಾನೂ ಹೌದು, ಗಾಜೂ ಹೌದು. ಎಲ್ಲಾ ಲೋಹದಾಗೂ ಕಣಗಳು ಸಾಲಾಗಿ ನಿಂತಿರ್ತಾವ, ಸಾಲಿ ಹುಡುಗ್ರು ಪ್ರಾರ್ಥನಾಕ್ಕ ನಿಂತಾಂಗ. ಇದನ್ನ ಕರಗಿಸಿ, ಜೋರಾಗಿ ತಿರುಗೋ ತಣ್ಣನ ಗಾಲಿ ಮ್ಯಾಲ ಸುರೀತಾರ. ಸಾಲಿಗೆ ನಿಂದ್ರಲಿಕ್ಕೆ ವ್ಯಾಳ್ಯಾನ ಸಿಗೂದಿಲ್ಲ. ಲಕ್ಷ್ಮೀ ರಸ್ತಾದಾಗ ಗಣಪತಿ ಕಳಸೋ ದಿನ ಗದ್ಲ ಇರ್ತದಲ್ಲ, ಆ ಗದ್ಲ ಎಲ್ಲಿತ್ತೋ ಅಲ್ಲೇ ಗಟ್ಟಿ ಆಗಿಬಿಟ್ಟದ ಅಂತ ತಿಳೀರಿ. ನಾವು ಭಾಳ ಕಾಯಿಸಿದ್ವಿ ಅಂದ್ರ ಅವಕ್ಕ ಅಲ್ಲಾಡಲಿಕ್ಕೆ ಬರ್ತದ. ಆಗ ಒಂದೊಂದ ಸಾಲು ಹಿಡೀತಾವ. ಅಲ್ಲಿಗೆ ಕೆಟ್ಟು ಹೋತು.”

“ಸಾಲಿಗೆ ನಿಂತ್ರ ಛಲೋ ಅಲ್ಲೇನ್ರಿ ಮೇಡಮ್?”

“ನಮಗ ಬೇಕಾಗಿದ್ದು ಗದ್ಲಾನ, ಕಾಕಾ,” ಎಂದು ನಕ್ಕು ಚಪಾತಿ ಮುರಿದರು.

ಈ ಮಾತು ನನ್ನ ತಲೆಗೆ ಅಂದೂ ಇಳಿಯಲಿಲ್ಲ, ಇಂದೂ ಪೂರ್ತಿ ಇಳಿದಿಲ್ಲ. ಶಿಸ್ತಿಗೆ ಬಂದರೆ ಕೆಡುವ ವಸ್ತು ಜಗತ್ತಿನಲ್ಲಿ ಇರುತ್ತದೆಯೇ? ಆದರೆ ಹಾಳಾದ ಒಂದು ಪಟ್ಟಿಯನ್ನು ಅವರು ನನ್ನ ಕೈಗೆ ಕೊಟ್ಟಿದ್ದರು. ಬಾಗಿಸಲು ಹೋದರೆ ಸುಟ್ಟ ಹಪ್ಪಳದ ಹಾಗೆ ಪುಡಿಯಾಗಿ ಅಂಗೈಯಲ್ಲಿ ಉಳಿಯಿತು. ಸರಿಯಾಗಿ ಕಾಯಿಸಿದ್ದೂ ತುಸು ಬಿರುಸಾಗುತ್ತದೆ, ಆದರೆ ಹೀಗಲ್ಲ.

ಇನ್ನೊಂದು ಮಾತನ್ನೂ ಅವತ್ತೇ ಹೇಳಿದರು. ಸಾಲು ಹಿಡಿಯುವಾಗ ಆ ಲೋಹ ತಾನೇ ಕಾವು ಬಿಡುತ್ತದಂತೆ. “ಬಸ್ಸಿನ್ಯಾಗ ಭಾಳ ಹೊತ್ತು ಜೋಲಿ ಹೊಡಕೋತ ನಿಂತವ್ರಿಗೆ ಜಾಗಾ ಸಿಕ್ರ ‘ಉಸ್’ ಅಂತ ಕೂಡ್ತಾರ ನೋಡ್ರಿ. ಹಂಗ ಇವೂ ಉಸ್ ಅಂತಾವ. ಒಂದರ ಬಿಸಿ ಬಾಜೂದ್ದಕ್ಕ ತಾಗಿ ಅದೂ ಕೂಡ್ತದ. ಕೋರ್ ದಪ್ಪ ಇದ್ರ ಆ ಬಿಸಿ ಹೊರಗ ಬರೂದಿಲ್ಲ. ಒಮ್ಮೆ ಶುರು ಆತಂದ್ರ ನಾವು ಹೀಟರ್ ಬಂದ್ ಮಾಡಿದ್ರೂ ಕಾವು ಏರಕೋತನ ಹೋಗ್ತದ.” ನಾನು ತಲೆ ಆಡಿಸಿದೆ. ಬೆಂಕಿ ಆರಿಸಿದ ಮೇಲೂ ಪಾತ್ರೆ ಬಿಸಿಯಾಗುತ್ತ ಹೋಗುತ್ತದೆ ಎಂದರೆ ಯಾರು ನಂಬುತ್ತಾರೆ?

ಶ್ರಾವಣದಲ್ಲಿ ಭಟ್ಟಿಯ ಬಾಗಿಲು ತಾಗಿ ನನ್ನ ಮುಂಗೈ ಸುಟ್ಟಿತು. ಗಂಗವ್ವ ತಿಂಗಳುಗಟ್ಟಲೆ ಎಣ್ಣೆ ಹಚ್ಚಿದಳು. ಅದಕ್ಕೇ ನವಮಿಯ ಬೆಳಿಗ್ಗೆ ಡಬ್ಬಿಯ ಜೊತೆ ಒಂದು ಪೊಟ್ಟಣ ಕೊಟ್ಟಳು. ಹಳದಿ ದಾರ, ಅದಕ್ಕೆ ಕಟ್ಟಿದ ದಪ್ಪನೆಯ ಅರಿಶಿನದ ಕೊಂಬು. “ನಿಮ್ಮ ಭಟ್ಟೀಗೆ ಕಟ್ರಿ. ದಶಮಿ ಮುಗಿಯೋತನಕ ಬಿಚ್ಚಬ್ಯಾಡ್ರಿ. ನನ್ನ ಆಣಿ ಅದ,” ಎಂದಳು.

ಕಾರ್ಖಾನೆಯಲ್ಲಿ ಎಲ್ಲ ಯಂತ್ರಗಳನ್ನು ಒರೆಸಿ ಚೆಂಡುಹೂ ಹಾಕಿದ್ದೆವು. ಭಟ್ಟಿಯ ಗೋಡೆಯಲ್ಲಿ ಒಂದು ತೂತು. ಅದರೊಳಗೆ ಶಾಖ ಅಳೆಯುವ ಉದ್ದನೆಯ ಸಲಾಕೆ ಇರುತ್ತದೆ. ಅದರ ತುದಿ ಒಳಗೆ ಕೋರುಗಳಿಗೆ ತಾಗಿಕೊಂಡಿರಬೇಕು. ಅದು ಹೇಳಿದ ಕಾವನ್ನೇ ಹೊರಗಿನ ಫಲಕದ ಮುಳ್ಳು ತೋರಿಸುವುದು, ಅದನ್ನೇ ನಂಬಿ ಹೀಟರ್ ಉರಿಯುವುದು. ನಾನು ಸಲಾಕೆಯನ್ನು ಹೊರಗೆಳೆದು ತೊಳೆದು ಕುಂಕುಮ ಹಚ್ಚಿದೆ. ಭಟ್ಟಿಯ ಕಣ್ಣು ಅದೇ ತಾನೆ ಎಂದು ಕೊಂಬನ್ನೂ ಅದಕ್ಕೇ ಕಟ್ಟಿದೆ, ಹಿಡಿಕೆಯ ಹತ್ತಿರ. ಬಾಪೂ ಎಂಬ ಸುತ್ತುವ ಯಂತ್ರದವನು ನೋಡಿ, “ಭಟ್ಟಿಯ ಲಗ್ನ ಆಯಿತಲ್ಲ, ಇನ್ನು ನಿನ್ನ ಮಾತು ಕೇಳುವುದಿಲ್ಲ ಬಿಡು,” ಎಂದು ಮರಾಠಿಯಲ್ಲಿ ಚೇಷ್ಟೆ ಮಾಡಿದ. ಎಲ್ಲರೂ ನಕ್ಕೆವು. ಪೇಢೆ ತಿಂದು ಅವರೆಲ್ಲ ಮನೆಗೆ ಹೋದರು. ತುರ್ತಿನ ಕೆಲಸವಿದ್ದುದರಿಂದ ಒಂದು ಭರ್ತಿ ಕೋರು ಅಂದೇ ಕಾಯಿಸಬೇಕಿತ್ತು. ನಾನೂ ಮೇಡಮ್ಮೂ ಉಳಿದೆವು.

ಸಲಾಕೆಯನ್ನು ತೂತಿನಲ್ಲಿ ಮತ್ತೆ ತೂರಿಸಿದೆ. ಕೊಂಬು ಗೋಡೆಗೆ ತಾಗಿ ನಿಂತಿತು. ಸಲಾಕೆ ನಾಲ್ಕು ಬೆರಳಿನಷ್ಟು ಹೊರಗೇ ಉಳಿಯಿತು, ಒಳಗಿನ ತುದಿ ಕೋರಿಗೆ ಮುಟ್ಟಲಿಲ್ಲ.

ಇಲ್ಲಿಗೆ ಬಂದಾಗಲೆಲ್ಲ ನನಗೆ ಗೊಂದಲ. ಕೊಂಬು ತಾಗಿದ್ದು ಕೈಗೆ ತಿಳಿದಿತ್ತೇ? ತಿಳಿದು, “ಇಷ್ಟರಿಂದ ಏನಾಗುತ್ತದೆ, ಹೆಂಡತಿ ಆಣೆ ಹಾಕಿದ್ದಾಳೆ” ಎಂದುಕೊಂಡೆನೇ? ಅಥವಾ ತಿಳಿಯದೇ ತೂರಿಸಿ, ಅನಾಹುತವಾದ ಮೇಲೆ ಹೀಗೆಲ್ಲ ಅನ್ನಿಸುತ್ತಿದೆಯೇ? ಒಮ್ಮೊಮ್ಮೆ ಗೋಡೆಗೆ ಕೊಂಬು ತಾಗಿದ ಸಣ್ಣ ಶಬ್ದ ಕೇಳಿಸುತ್ತದೆ. ಪತ್ರಾಸಿನ ಮೇಲೆ ಮಳೆ ಬೀಳುತ್ತಿತ್ತಲ್ಲ, ಅಂಥ ಶಬ್ದ ಹೇಗೆ ಕೇಳಿಸೀತು ಎಂದೂ ಅನ್ನಿಸುತ್ತದೆ.

ಅದೇ ವಾರ ಮೇಡಮ್ ಕಾಯಿಸುವ ಹದವನ್ನು ಒಂಚೂರು ಮೇಲಕ್ಕೆ ಇಟ್ಟಿದ್ದರು. ಕಾವು ಸ್ವಲ್ಪ ಹೆಚ್ಚು, ಹೊತ್ತು ಸ್ವಲ್ಪ ಕಡಿಮೆ; ಹೀಗೆ ಮಾಡಿದರೆ ಕೆಲಸ ಬೇಗ ಸಾಗುತ್ತದೆಂಬ ಅವರ ಲೆಕ್ಕ. ಸಣ್ಣ ಕೋರುಗಳಲ್ಲಿ ಸರಿ ಬಂದಿತ್ತು. ದೊಡ್ಡ ಕೋರಿಗೆ ಅದೇ ಮೊದಲ ಸಲ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಮುಳ್ಳು ಗುರುತಿಗೆ ಬಂತು. ನಿಲ್ಲುವಷ್ಟು ಹೊತ್ತು ನಿಂತಿತು. ಮೇಡಮ್ ಹೀಟರ್ ಆರಿಸಿದರು. ಹೀಟರಿನ ಕೆಂಪು ದೀಪ ಆರಿತು. ಆದರೆ ಮುಳ್ಳು ಇಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಮೇಲಕ್ಕೆ ಸರಿಯಿತು.

“ಕಾಕಾ, ಬರ್ರಿ ಇಲ್ಲೆ. ದೀಪ ನೋಡ್ರಿ. ಆರೇದಲ್ಲ?”

“ಆರೇದ್ರಿ.”

“ಮುಳ್ಳು ನೋಡ್ರಿ.”

ನಾವಿಬ್ಬರೂ ಹೆಗಲಿಗೆ ಹೆಗಲು ತಾಗುವಷ್ಟು ಹತ್ತಿರ ನಿಂತು ನೋಡಿದೆವು. ಬೆಂಕಿಯಿಲ್ಲದೆ ಕಾವು ಏರುತ್ತಿತ್ತು. ಅವರ ಮುಖ ಬಿಳುಚಿಕೊಂಡಿತ್ತು. “ಸಾಲು ಹಿಡೀಲಿಕ್ಕತ್ತದ,” ಎಂದರು, ಯಾರೋ ಸತ್ತ ಸುದ್ದಿ ಹೇಳಿದ ಹಾಗೆ. ನನಗೆ ಆ ಘಳಿಗೆಯಲ್ಲಿ ಭಯವಾಗಲಿಲ್ಲ. ಬೆರಗಾಗಿತ್ತು. ಅವರು ಊಟದ ಹೊತ್ತಿಗೆ ಹೇಳಿದ್ದು ನಿಜವಾಗಿ ಕಣ್ಣೆದುರಿಗೆ ನಡೆಯುತ್ತಿತ್ತು. ಕಣ್ಣು ಹೊರಳಿದಾಗ ಗೋಡೆಯ ಹತ್ತಿರ ಕೊಂಬು ಕಂಡಿತು. ಕಾವಿಗೆ ಅದರ ವಾಸನೆ ಎದ್ದಿತ್ತು.

ಮರುದಿನ ದಶಮಿ, ರಜೆ. ಮನೆಯಲ್ಲಿ ಬನ್ನಿ ಕೊಟ್ಟವರಿಗೆಲ್ಲ ಬನ್ನಿ ಕೊಟ್ಟೆ, ಮನಸ್ಸು ಮಾತ್ರ ಸಲಾಕೆಯ ಹತ್ತಿರ ಇತ್ತು. ಅದರ ಮರುದಿನ ಎಲ್ಲರಿಗಿಂತ ಮೊದಲು ಕಾರ್ಖಾನೆಗೆ ಹೋದೆ. ಭಟ್ಟಿ ತಣ್ಣಗಾಗಿತ್ತು. ದಶಮಿ ಮುಗಿದಿತ್ತು, ದಾರ ಬಿಚ್ಚುವ ಹೊತ್ತೇ ಅದು. ಬಿಚ್ಚಿದ್ದು ತಪ್ಪಲ್ಲ. ಹಾಗೆಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಬಿಚ್ಚುವ ಮೊದಲು ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಬಿಚ್ಚಿದೆ, ಸಲಾಕೆಯನ್ನು ಪೂರ್ತಿ ಒಳಗೆ ತಳ್ಳಿದೆ, ಕೊಂಬನ್ನು ಕಿಸೆಗೆ ಹಾಕಿಕೊಂಡೆ. ಹಬ್ಬದ ದಾರ ಬಿಚ್ಚುವವನು ಹಿಂದೆ ತಿರುಗಿ ನೋಡುವುದಿಲ್ಲ. ಉಳಿದುದರಲ್ಲೆಲ್ಲ ನನಗೆ ಸಂಶಯವಿದೆ, ಆ ತಿರುಗಿ ನೋಡಿದ್ದರಲ್ಲಿ ಇಲ್ಲ.

ಸ್ವಲ್ಪ ಹೊತ್ತಿಗೆ ಮೇಡಮ್ ಬಂದರು. ನಿದ್ದೆ ಇಲ್ಲದ ಕಣ್ಣು. ಆದರೂ ಪರ್ಸಿನಿಂದ ಬನ್ನಿ ತೆಗೆದು, “ಬನ್ನಿ ತಗೋರಿ ಕಾಕಾ, ಬಂಗಾರದ್ಹಂಗ ಇರೋಣು,” ಎಂದು ಕೊಟ್ಟು ಬಗ್ಗಿ ನಮಸ್ಕಾರ ಮಾಡಿದರು. ನನ್ನ ಕಿಸೆಯಲ್ಲಿ ಕೊಂಬು ಇತ್ತು. ಅದರ ಮೇಲೇ ಆ ಎಲೆಗಳನ್ನು ಹಾಕಿಕೊಂಡೆ.

ಬಾಗಿಲು ತೆಗೆದು ಕೋರು ಹೊರಗೆಳೆದರು. ಬಾಪೂ ಒಂದರ ಅಂಚನ್ನು ಉಗುರಿನಿಂದ ಎತ್ತಿದ. ಪದರಗಳು ಪುಡಿಪುಡಿಯಾಗಿ ಉದುರಿದವು.

ಸಾಳವಿ ಎಂಬ ಮ್ಯಾನೇಜರರು ತಮ್ಮ ಕೋಣೆಗೆ ನಮ್ಮನ್ನು ಕರೆದರು. ಕೂಗಾಡುವ ಮನುಷ್ಯನಲ್ಲ, ಎಲ್ಲರಿಗೂ ಚಹಾ ತರಿಸಿಯೇ ಮಾತು ಎತ್ತಿದರು. ಸಲಾಕೆ ನೋಡಿಸಿದ್ದರು, ಸರಿಯಾಗಿತ್ತು. ಮೇಡಮ್ ಎಲ್ಲವನ್ನೂ ಹೇಳಿದರು: ಹೀಟರ್ ಆರಿಸಿದ ಮೇಲೆ ಕಾವು ತಾನೇ ಏರಿತು ಎಂದು. ಸಾಹೇಬರು ಕೇಳಿದರು, “ನೀವು ಇಟ್ಟ ಹದ ಸರಿಯಿದ್ದರೆ ಅದು ಶುರುವೇ ಆಗಬಾರದಿತ್ತು. ಒಂದೋ ನಿಮ್ಮ ಲೆಕ್ಕ ತಪ್ಪು, ಇಲ್ಲವೇ ಹೀಟರ್ ಆರಿಸಲು ಮರೆತಿರಿ. ಎರಡರಲ್ಲಿ ಯಾವುದು?”

“ಲೆಕ್ಕ ತಪ್ಪಿರಬಹುದು ಸರ್. ಆದರೆ ಹೀಟರ್ ಆರಿಸಿದ್ದೆ. ಕಾಕಾ ಜೊತೆಗೇ ಇದ್ದರು, ಕೇಳಿ.”

ಸಾಹೇಬರು ನನ್ನ ಕಡೆ ತಿರುಗಿದರು. “ಗುರಪ್ಪ, ದೀಪ ಆರಿತ್ತೋ ಇಲ್ಲವೋ?”

ಆರಿತ್ತು ಎಂದರೆ ಮುಂದೇನು ಕೇಳುತ್ತಾರೆ? ಹಾಗಾದರೆ ಕಾವು ಏಕೆ ಹೆಚ್ಚಾಯಿತು ಎನ್ನುತ್ತಾರೆ, ಭಟ್ಟಿ ಪೂಜೆ ಯಾರು ಮಾಡಿದ್ದು ಎನ್ನುತ್ತಾರೆ, ಬಾಪೂ ಲಗ್ನದ ಚೇಷ್ಟೆ ನೆನಪಿಸಿಕೊಳ್ಳುತ್ತಾನೆ. ಇಷ್ಟೆಲ್ಲ ನನ್ನ ತಲೆಯಲ್ಲಿ ಒಮ್ಮೆಗೇ ಓಡಿತು.

“ನಾನು ಆ ಕಡೆ ನೋಡಲಿಲ್ಲ ಸಾಹೇಬ್,” ಎಂದೆ.

ಮೇಡಮ್ ನನ್ನತ್ತ ನೋಡಿ, ಮೆಲ್ಲಗೆ, ಕನ್ನಡದಲ್ಲಿ ಹೇಳಿದರು, “ಕಾಕಾ, ನೀವು ನನ್ನ ಬಾಜೂಕನ ನಿಂತಿದ್ದ್ರಲ್ಲ.”

ನಾನು ಮರಾಠಿಯಲ್ಲಿ ಉತ್ತರ ಕೊಟ್ಟೆ. “ನನಗೆ ನೆನಪಿಲ್ಲ ಮೇಡಮ್” ಎಂದು. ಇಬ್ಬರ ನಡುವೆ ಇದ್ದ ಭಾಷೆಯನ್ನು ಅಲ್ಲೇ ಬಿಟ್ಟೆ.

ಹೀಟರ್ ಆರಿಸಲು ಮರೆತವರು ಎಂದು ಶೆಡ್ಡಿನಲ್ಲೆಲ್ಲ ಹೆಸರಾಯಿತು. ಬಾಪೂ ಮಳೆಯ ದಿನವೂ “ಫ್ಯಾನ್ ಆರಿಸಿದಿರಾ ಮೇಡಮ್?” ಎಂದು ಕೇಳುತ್ತಿದ್ದ, ಉಳಿದವರು ನಗುತ್ತಿದ್ದರು. ದೀಪಾವಳಿಗೆ ಮೊದಲೇ ಅವರು ಕೆಲಸ ಬಿಟ್ಟರು. ಹೋಗುವ ದಿನ ಭಟ್ಟಿಯ ಹತ್ತಿರ ಬರಲಿಲ್ಲ. ನಾನು ನಿವೃತ್ತನಾಗುವವರೆಗೆ ಅಲ್ಲೇ ಇದ್ದೆ. ಸದಾಶಿವ ಪೇಠೆಯಲ್ಲಿ ಅವರು ಹನ್ನೆರಡನೆಯ ತರಗತಿಯ ಮಕ್ಕಳಿಗೆ ಕ್ಲಾಸು ನಡೆಸುತ್ತಾರೆಂದು ಯಾರೋ ಹೇಳಿದ್ದು ಕಿವಿಯಲ್ಲಿ ಉಳಿದಿತ್ತು. ಆ ಕಡೆ ಹೋಗಬೇಕಾದಾಗ ಬೇರೆ ಬೀದಿ ಹಿಡಿಯುತ್ತಿದ್ದೆ.

ಈ ಸಲ ದಶಮಿಯ ಮರುದಿನ ಗಂಗವ್ವ ಒಲೆಯ ದಾರ ಬಿಚ್ಚಿದಳು. ಅವಳು ಹಿಂದೆ ತಿರುಗಿ ನೋಡಲಿಲ್ಲ. ನಾನು ಅಂಗಿ ಹಾಕಿಕೊಂಡು ನಾಲ್ಕು ಬನ್ನಿ ಎಲೆ ಕಿಸೆಗೆ ಹಾಕಿಕೊಂಡು ಬಸ್ಸು ಹತ್ತಿದೆ.

ಹಳೆಯ ವಾಡೆಯೊಂದರ ಮಾಳಿಗೆಯಲ್ಲಿ ಕ್ಲಾಸು. ಕಟ್ಟಿಗೆಯ ಜಿನ್ನೆಯ ಮೆಟ್ಟಿಲುಗಳ ಬುಡದಲ್ಲಿ ಚಪ್ಪಲಿಗಳ ರಾಶಿ. ಮಕ್ಕಳು ಇಳಿದುಹೋಗುವವರೆಗೆ ಕಾದು ಹತ್ತಿದೆ. ಅವರು ಗೋಡೆಯ ಫಳಿಯ ಮೇಲಿನ ಬರಹ ಒರೆಸುತ್ತಿದ್ದರು. ಕೂದಲು ಅಲ್ಲಲ್ಲಿ ನೆರೆತಿತ್ತು. ನನ್ನನ್ನು ನೋಡಿ ಒಂದು ಕ್ಷಣ ನಿಂತು, “ಗುರಪ್ಪನವ್ರು. ಕೂಡ್ರಿ,” ಎಂದರು.

ಕೂಡದೆ ಹೇಳಿಬಿಟ್ಟೆ. ಕೊಂಬು, ದಾರ, ಸಲಾಕೆ, ಹಿಂದೆ ತಿರುಗಿ ನೋಡಿದ್ದು. ಹಿಂದುಮುಂದಾಗಿ ಹೇಳಿದೆ ಅನ್ನಿಸುತ್ತದೆ. ಅವರು ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ಕೇಳಿದರು, “ಎಷ್ಟು ಹೊರಗಿತ್ತು?”

ನಾಲ್ಕು ಬೆರಳು ತೋರಿಸಿದೆ. ಅವರು ಫಳಿಯ ಮೇಲೆ ಏನೋ ಬರೆಯಲು ಹೋಗಿ, ಬರೆಯದೆ ಸೀಮೆಸುಣ್ಣ ಕೆಳಗಿಟ್ಟರು.

“ಹಂಗಿದ್ರ ಮುಳ್ಳು ಕಡಿಮಿ ತೋರಿಸಿರಬೇಕು, ಒಳಗ ಭಾಳ ಕಾದಿರಬೇಕು. ನಾ ನನ್ನ ಲೆಕ್ಕಾನ ತಪ್ಪು ಅಂತ ತಿಳಕೊಂಡಿದ್ದೆ.”

“ಹಂಗಾದ್ರ ಪೂರಾ ನಂದ ತಪ್ಪೇನ್ರಿ?”

“ಅದನ್ನ ಈಗ ಹೆಂಗ ಹೇಳೂದು? ಲೆಕ್ಕಾನೂ ತಪ್ಪಿರಬಹುದು. ಎರಡೂ ಕೂಡಿರಬಹುದು.” ಕೈಗೆ ಹತ್ತಿದ ಸುಣ್ಣದ ಪುಡಿ ಒರೆಸಿಕೊಂಡರು. “ಅದ ಬಿಡ್ರಿ. ದೀಪ ಆರಿತ್ತೋ ಇಲ್ಲೋ?”

“ಆರಿತ್ತು.”

“ನೀವು ನೋಡಿದ್ರಿ?”

“ನೋಡಿದ್ದೆ. ಮುಳ್ಳು ಏರೂದೂ ನೋಡಿದ್ದೆ.”

ಅವರು ಬೆಂಚಿನ ಮೇಲೆ ಕೂತರು. “ನೀವು ಅವತ್ತು ಇಲ್ಲ ಅಂದ್ರಲ್ಲ, ಆಮ್ಯಾಲ ನನಗ ನನ್ನ ಕಣ್ಣಿನ ಮ್ಯಾಲ ವಿಶ್ವಾಸ ಹೋತು. ಆರಿಸಿದ್ನೋ, ಆರಿಸೀನಿ ಅಂತ ಅನಕೊಂಡ್ನೋ? ಈಗೂ ಮನಿ ಕೀಲಿ ಹಾಕಿ ಜಿನ್ನಿ ಇಳದು, ಗ್ಯಾಸ್ ನೋಡಲಿಕ್ಕೆ ವಾಪಸ್ ಹತ್ತತೀನಿ. ನಮ್ಮ ಮನ್ಯಾಗ ಎಲ್ಲಾರೂ ನಗ್ತಾರ.”

ಕೆಲಸ ಕಳೆದದ್ದಕ್ಕೆ ಬೈಯುತ್ತಾರೆ ಎಂದುಕೊಂಡು ಹೋಗಿದ್ದೆ. ಬನ್ನಿ ತೆಗೆದು ಎರಡೂ ಕೈಯಲ್ಲಿ ಚಾಚಿದೆ. “ಮೇಜಿನ ಮ್ಯಾಲ ಇಡ್ರಿ,” ಎಂದರು. ಇಟ್ಟೆ.

ಅವರು ಕಿಟಕಿ ಮುಚ್ಚಿ, ಗೋಡೆಯ ಸ್ವಿಚ್ಚುಗಳನ್ನು ಒತ್ತಿ, ಬಾಗಿಲಿಗೆ ಕೀಲಿ ಹಾಕಿದರು. ನಾನು ಮುಂದೆ, ಅವರು ಹಿಂದೆ, ಜಿನ್ನೆ ಇಳಿದೆವು. ಚಪ್ಪಲಿ ಮೆಟ್ಟುವಾಗ ಅವರ ಕಾಲು ನಿಂತಿತು. ಮೇಲೆ ನೋಡಿದರು.

“ಫ್ಯಾನ್ ಬಂದ್ ಮಾಡಿದ್ನಲ್ಲ?”

“ಮಾಡಿದ್ರಿ. ನಾ ನೋಡೀನಿ.”

ನನ್ನ ಮುಖವನ್ನೇ ನೋಡುತ್ತ ಸ್ವಲ್ಪ ಹೊತ್ತು ನಿಂತರು. ಆಮೇಲೆ ಚಪ್ಪಲಿ ಅಲ್ಲೇ ಬಿಟ್ಟು ಮತ್ತೆ ಜಿನ್ನೆ ಹತ್ತಿದರು. ಕೀಲಿ ತೆಗೆದ ಸಪ್ಪಳ ಕೇಳಿಸಿತು. ನಾನು ಕೆಳಗೆ ನಿಂತಿದ್ದೆ. ಫ್ಯಾನ್ ಆರಿದ್ದನ್ನು ನಿಜವಾಗಿ ನೋಡಿದ್ದೆನೋ, ನೋಡಿದ್ದೇನೆ ಎಂದು ಹೇಳಬೇಕೆನ್ನಿಸಿ ಹೇಳಿದೆನೋ ಎಂದು ನನಗೇ ಗಾಬರಿಯಾಗತೊಡಗಿತು.

ಕೀಲಿ ಮತ್ತೆ ಬಿದ್ದಿತು. ಅವರು ನಿಧಾನಕ್ಕೆ ಇಳಿದು ಬಂದರು.

“ಬಂದ್ ಇತ್ತ್ರಿ, ಕಾಕಾ,” ಎಂದರು.